ತೃಪ್ತಿಯಾಯಿತು ಎನ್ನುವವರು

ಮುನವಳ್ಳಿ
೧೨ ಸೆಪ್ಟೆಂಬರ್ ೨೦೨೪

ಚಿ. ಬಾಳಕೃಷ್ಣನಿಗೆ ತಾರಕ್ಕನ ಆಶೀರ್ವಾದಗಳು.

ನಾವು ಕ್ಷೇಮ ಎಂದು ಬರೆಯಬೇಕು, ಬರೆದಿದ್ದೇನೆ. ತಡವಾಯಿತೆಂದು ಬೈಯಬೇಡ, ಗಣಪತಿಯನ್ನು ಕಳಿಸಿದ ಮೇಲೆಯೇ ಕೈ ಬಿಡುವಾಯಿತು. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ಅಕ್ಕನಿಗೆ ಮಾತು ಮುಗಿಸಲು ನೀನು ಯಾವತ್ತು ಬಿಟ್ಟಿದ್ದೀ? ಕಾಗದ ನಡುವೆ ಬಾಯಿ ಹಾಕುವುದಿಲ್ಲ.

ನಿನ್ನ ಭಾವನ ಸುದ್ದಿ ಹೇಳುತ್ತೇನೆ. ಹೋದ ವರ್ಷದಿಂದ ಇವರಿಗೆ ಉಂಡ ಮೇಲೆ ವಿಪರೀತ ಸುಸ್ತು. ಕೈ ತೊಳೆದು ಬರುವಷ್ಟರಲ್ಲಿ ಕಣ್ಣು ಎಳೆಯುತ್ತಿದ್ದವು, ಹೊಟ್ಟೆ ಉಬ್ಬರಿಸುತ್ತಿತ್ತು. ಒಮ್ಮೆ ಸವದತ್ತಿಯಲ್ಲಿ ತಿಥಿಯ ಊಟ ಮುಗಿಸಿ ಬಸ್ಸು ಹತ್ತಿದವರು ನಿದ್ದೆಯಲ್ಲಿ ನಮ್ಮೂರು ದಾಟಿ ಯರಗಟ್ಟಿಯಲ್ಲಿ ಇಳಿದು, "ಮುನವಳ್ಳಿ ಎಲ್ಲಿ ಹೋತು ತಾರಾ?" ಎಂದು ಫೋನ್ ಮಾಡಿದರು. "ಅದು ಇಲ್ಲೇ ಅದ, ನೀವ ಹೋಗೀರಿ" ಎಂದು ನಕ್ಕೆ. ಮನೆಗೆ ಬಂದವರ ಮುಖ ನೋಡಿದ ಮೇಲೆ ನಗು ಬರಲಿಲ್ಲ.

ಧಾರವಾಡದ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು. "ಮಾಸ್ತರ್ರ, ನಿಮಗ ಗೋಧಿ ಒಗ್ಗಂಗಿಲ್ಲ. ಚಪಾತಿ, ಹೋಳಿಗಿ, ರವಾ ಒಂದೂ ಬ್ಯಾಡ. ಜ್ವಾಳದ ರೊಟ್ಟಿ, ಅನ್ನಾ ಉಣ್ರಿ" ಎಂದರು. ನಮ್ಮ ಸೀಮೆಯವರಿಗೆ ಇದೇನು ದೊಡ್ಡ ಪಥ್ಯ ಎಂದುಕೊಂಡೆ. ಸ್ವಲ್ಪ ದಿನದಲ್ಲೇ ಮುಖಕ್ಕೆ ಕಳೆ ಬಂತು. ಸಂಜೆ ಕಾಲುವೆಗುಂಟ ಅಡ್ಡಾಡಿ ಬರತೊಡಗಿದರು.

ಆದರೆ ತೊಂದರೆ ಇದ್ದದ್ದು ಮನೆಯಲ್ಲಲ್ಲ, ಜನ ಇವರನ್ನು ಕರೆದು ಕೂರಿಸುವ ತಿಥಿಯ ಮಣೆಯ ಮೇಲೆ. ಹಿರಿಯರ ಹೆಸರಿನಲ್ಲಿ ಕೂತವರು ಬಡಿಸಿದ್ದನ್ನು ಉಣ್ಣಬೇಕು. ತೃಪ್ತಿಯಾಯಿತೆ ಎಂದು ಕೇಳಿದಾಗ, ತೃಪ್ತಿಯಾಯಿತು ಎನ್ನಬೇಕು. ಆಮೇಲೆಯೇ ಆ ಮನೆಯವರ ಊಟ. ಸಿರಸಂಗಿಯ ಒಂದು ಮನೆಯಲ್ಲಿ ಇವರು ಹೋಳಿಗೆ ಬೇಡ, ಅಕ್ಕಿಯ ಪಾಯಸ ಸಾಕು ಎಂದರಂತೆ. ಅಲ್ಲಿಯ ಹಿರಿಯಾಕೆ ಕಣ್ಣಲ್ಲಿ ನೀರು ತಂದುಕೊಂಡು, "ನಮ್ಮ ಮಾವನವರಿಗೆ ಹೋಳಿಗಿ ಅಂದ್ರ ಜೀವರಿ. ನೀವು ಉಣಲಿಲ್ಲಂದ್ರ ಅವರು ಉಪಾಸ ಎದ್ದ ಹೋಗಬೇಕೇನ್ರಿ?" ಎಂದರಂತೆ. ಇವರು ಉಂಡರು! ಎರಡು ದಿನ ಹಾಸಿಗೆ ಬಿಟ್ಟು ಏಳಲಿಲ್ಲ.

ನನಗೆ ಸಿಟ್ಟು ನೆತ್ತಿಗೇರಿತು. "ಒಂದ ತುತ್ತು ತಿಂದು ತೃಪ್ತಿ ಆತು ಅಂದಿದ್ರ ಏನ ಆಗತಿತ್ತು?" ಎಂದೆ. "ಆ ಮಣಿ ಮ್ಯಾಲೆ ಕೂತು ನಂಗ ಸುಳ್ಳ ಹೇಳಲಿಕ್ಕೆ ಬರೂದಿಲ್ಲ" ಎಂದರು. ಅಂದಿನಿಂದ ಕರೆಯಲು ಬಂದವರಿಗೆಲ್ಲ ಗೋಧಿ ನಡೆಯದು ಎಂದು ಮೊದಲೇ ಹೇಳಿಬಿಡುತ್ತಾರೆ. ಬಂದವರು "ಆಗಲಿ ತಗೋರಿ, ತಿಳಸ್ತೇವಿ" ಎನ್ನುತ್ತಾರೆ. ತಿಳಿಸುವುದಿಲ್ಲ.

ಮುಂದಿನ ವಾರ ಹಿರಿಯರ ತಿಥಿಗಳ ಪಕ್ಷಮಾಸ ಶುರು. ಹೋದ ವರ್ಷ ಇವರು ತಮ್ಮ ಮನೆಗೇ ಬರಬೇಕೆಂದು ಜನ ಜಗಳಾಡಿದ್ದರು. ಈ ಸಲ ಒಬ್ಬರೂ ಬಾಗಿಲಿಗೆ ಬಂದಿಲ್ಲ. ದಕ್ಷಿಣೆಯ ಮಾತಲ್ಲ, ಪೆನ್ಶನ್ ಇದೆ. ಸಾಲೆ ಬಿಟ್ಟ ಮೇಲೆ ಇವರಿಗೆ ಉಳಿದಿದ್ದ ಮರ್ಯಾದೆ ಆ ಮಣೆಯೊಂದೇ. ಅದೂ ಹೋದರೆ ಏನು ಮಾಡುತ್ತಾರೋ ಎಂದು ನನಗೆ ಭಯವಾಗಿದೆ.

ನಿನ್ನ ಹೆಂಡತಿ ಶರ್ವರಿಯ ಮೊಣಕಾಲು ಹೇಗಿದೆ? ಸಮೀರನಿಗೆ ಅತ್ತೆಯ ಮುದ್ದು. ನಿಮ್ಮ ಮನೆಯಲ್ಲಿ ಎಲ್ಲರಿಗೂ ಉಂಡದ್ದು ಮೈಗೆ ಹತ್ತಲಿ.

ನಿನ್ನ ಅಕ್ಕ,
ತಾರಾಬಾಯಿ

ತಾ.ಕ.: ಸವದತ್ತಿಯ ಆಚಾರ್ಯರು ಮೊನ್ನೆ ಸಂತೆಯಲ್ಲಿ ಸಿಕ್ಕಿದ್ದರು. "ನಿಮ್ಮ ತಂದಿಯವರ ತಿಥಿಗೆ ನಿಮ್ಮ ತಮ್ಮ ನನ್ನ ಕರದಿದ್ರು. ಹೋಳಿಗಿ ಭಾಳ ಛಲೋ ಆಗಿದ್ವು" ಎಂದರು. ಅಪ್ಪ ಬದುಕಿದ್ದಾಗ ಹೋಳಿಗೆ ಬದಿಗೆ ಸರಿಸಿ ಅನ್ನ-ಸಾರು ಉಣ್ಣುತ್ತಿದ್ದದ್ದು ನಿನಗೆ ನೆನಪಿಲ್ಲವೆ? ಅಳಿಯ ಕೂತರೆ ಅಪ್ಪನಿಗೆ ಸಮಾಧಾನ ಎಂದು ಇವರನ್ನು ಆ ಮಣೆಯ ಮೇಲೆ ಮೊದಲು ಕೂರಿಸಿದವನು ನೀನೇ. ಈ ಸಲವೂ ತಿಥಿಯ ಹಿಂದಿನ ರಾತ್ರಿ ಇವರು ಪ್ರತಿ ವರ್ಷದ ನಿಯಮದಂತೆ ಊಟ ಬಿಟ್ಟರು. ಬೆಳಿಗ್ಗೆ ಸ್ನಾನ ಮಾಡಿ, ಮಡಿಯ ಧೋತರ ಚೀಲದಲ್ಲಿಟ್ಟುಕೊಂಡು, ನಿನ್ನ ಫೋನಿಗಾಗಿ ಪಡಸಾಲೆಯಲ್ಲಿ ಕೂತರು. ನಿಮ್ಮ ಬೈಲಹೊಂಗಲದ ಬಸ್ಸು ಹೋಯಿತು ಎಂದೆ. "ಇನ್ನೊಂದು ಅದ ತಾರಾ. ಬಾಳ್ಯಾ ಗಡಿಬಿಡ್ಯಾಗ ಮರತಿರತಾನ" ಎಂದರು. ಸಂಜೆ ರೊಟ್ಟಿ ಮಾಡಿಕೊಟ್ಟೆ, ಮುಟ್ಟಲಿಲ್ಲ. ಅಂದು ಏನೂ ಉಣ್ಣದೆಯೇ ಸುಸ್ತಾಗಿ ಮಲಗಿದರು.