ಹದಿನೇಳನೇ ನಂಬರಿನ ಬೋಗುಣಿ

ಬಂತುಲ್,
ಆಗಸ್ಟ್ ೧೩, ಪಾಹಿಂಗ್ ಸಂತೆಯ ದಿನ

ಸಲಾತಿಗದ ಜಗಲಿಯಲ್ಲಿ ನೆರೆದಿರುವ ಮಹಾಜನರೇ, ತಾಯಂದಿರೇ! ಅತ್ತಿಗೆ ಪಾರ್ತಿನಿಯವರೇ, ಪಕ್ಕದಲ್ಲಿ ಕಡಲೆಕಾಯಿ ಸುಲಿಯುತ್ತಿರುವ ಷಡ್ಡಕರೇ, ಗೋಡೆಯಾಚೆ ಕಿವಿಯಿಟ್ಟು ನಿಂತಿರುವ ನೆರೆಯವರೇ! ಆ ಮನೆಗೆ ಯಾರ ಕಾಗದ ಬಂದರೂ ಗಟ್ಟಿಯಾಗಿ ಓದುವುದು ರೂಢಿಯೆಂದು ಬಲ್ಲೆ. ಓದಿ. ನಾಟಕದ ಮೇಳದಲ್ಲಿ ಹುಟ್ಟಿ, ರಾಜನ ಪಾರ್ಟಿನ ಅಪ್ಪನ ಕಿರೀಟ ಕಚ್ಚಿಯೇ ಹಲ್ಲು ಬಂದವನು ನಾನು. ತಗ್ಗಿದ ದನಿಯಲ್ಲಿ ಬರೆಯಲು ಬಾರದು. ಇವತ್ತು ಮಾತ್ರ ಆ ದನಿಗೂ ದಣಿವಾಗಿದೆ.

ಪ್ರೀತಿಯ ವಾರ್ಸಿನಾ,

ಫೋನು ಎತ್ತುವುದಿಲ್ಲ ನೀನು. ಅದಕ್ಕೇ ಕಾಗದ. ಬೋಗುಣಿ ಸಿಕ್ಕಿತು!

ನೀನು ಹೋಗಿ ನಾಲ್ಕು ತಿಂಗಳು. ಐದು ದಿನಕ್ಕೊಮ್ಮೆ ಬರುವ ಪಾಹಿಂಗ್ ಸಂತೆ ಒಂದನ್ನೂ ಬಿಡಲಿಲ್ಲ. ಕುಲುಮೆಯಲ್ಲಿ ಗಾಜು ಬಗ್ಗಿಸಿ ಪಾತ್ರೆ ಮಾಡುವ ನನ್ನ ಕಸುಬಿನ ಅಚ್ಚಿಗೂ ನಿಮ್ಮ ಹೆಂಗಸರ ಸಂಘಕ್ಕೂ ಸೇರಿ ಒಂದೇ ಹುಡುಕಾಟ. ಹಳೇ ಸಾಮಾನಿನ ಸಾಲಿನಲ್ಲಿ ಕುಕ್ಕರಗಾಲಲ್ಲಿ ಕೂತು ಕೂತು ಮಂಡಿ ಹಿಡಿದಿದೆ. ಸ್ಟೀಲೆಂದು ನಂಬಿ ತಂದ ಒಂದು ತಟ್ಟೆ ಅಲ್ಯೂಮಿನಿಯಂ ಆಗಿತ್ತು. ಕುಲುಮೆಯಲ್ಲಿ ಗಾಜಿಗಿಂತ ಮೊದಲು ಅದೇ ಕುಸಿದು ಮಲಗಿತು. ಇನ್ನೊಂದರ ಹೊಳಪು ಬರೀ ಮೇಲುಲೇಪ. ಬೆಂದ ಮೇಲೆ ಸಿಪ್ಪೆಸಿಪ್ಪೆಯಾಗಿ ಎದ್ದು ಗಾಜಿಗೆ ಮೆತ್ತಿಕೊಂಡಿತು. ಆಮೇಲೆ ಜೇಬಿನಲ್ಲೊಂದು ಅಯಸ್ಕಾಂತ ಇಟ್ಟುಕೊಂಡೆ. ಅಲ್ಯೂಮಿನಿಯಂ ಕೈತೂಕಕ್ಕೇ ತಿಳಿಯುತ್ತದೆ, ಲೇಪದ ಕಬ್ಬಿಣಕ್ಕೆ ಅಯಸ್ಕಾಂತ ಅಂಟುತ್ತದೆ, ಒಳ್ಳೆಯ ಸ್ಟೀಲಿಗೆ ಅಂಟುವುದಿಲ್ಲವಲ್ಲ.

ಇವತ್ತು ಆ ಗುಜರಿ ಮುದುಕ ನಕ್ಕೇಬಿಟ್ಟ. “ಏನಣ್ಣಾ, ಪಾತ್ರೆಗೂ ಜಾತಕ ನೋಡ್ತೀಯಾ? ತಗೊಂಡೋಗಿ ಮದ್ವೆ ಆಗ್ತೀಯೋ, ಅನ್ನ ಹಾಕ್ತೀಯೋ?”

“ಇಂಥದ್ರಿಂದ್ಲೇ ಕಣಯ್ಯಾ ನನ್ ಮದ್ವೆ ಮುರಿಯೋ ಹಂತಕ್ಕೆ ಬಂದಿರೋದು” ಎಂದೆ. ಅವನು ನಗು ನಿಲ್ಲಿಸಿ ಬೋಗುಣಿಯನ್ನು ಒರೆಸಿ ಕೊಟ್ಟ.

ಅತ್ತಿಗೆಯವರೇ, ನಿಮ್ಮ ತಂಗಿ ನಿಮಗೆ ಏನೂ ಹೇಳಿರಲಾರಳು. ಆದ್ದರಿಂದ ನಾನೇ ಹೇಳುತ್ತೇನೆ. ನಮ್ಮ ಬೀದಿಯಲ್ಲಿ ಮದುವೆಯಾಗಲಿ ಸಾವಾಗಲಿ, ಅಡುಗೆಗೆ ಹೆಂಗಸರೆಲ್ಲ ಸೇರುತ್ತಾರೆ. ಪಾತ್ರೆ ಸಂಘದ್ದು, ತಳದಲ್ಲಿ ಕೆಂಪು ಬಣ್ಣದ ನಂಬರು, ಉಗ್ರಾಣದ ಬೀಗದ ಕೈ ವಾರ್ಸಿನಾಳದ್ದು. ಹೋಟೆಲಿನವರು ಆಳವಾದ ಗಾಜಿನ ಬೋಗುಣಿ ಕೇಳಿದಾಗ ನನ್ನ ಕಣ್ಣು ಬಿದ್ದದ್ದು ಹದಿನೇಳನೇ ನಂಬರಿನ ಮೇಲೆ. ಅವಳು ನಿದ್ದೆಯಲ್ಲಿದ್ದಾಗ ಕೀಲಿ ತೆಗೆದೆ. ಉಪ್ಪುಕಾಗದದಲ್ಲಿ ಒಳಮೈ ಉಜ್ಜಿದೆ. ಬಿಸಿಗೆ ಮೆತ್ತಗಾದ ಗಾಜಿನ ಹಾಳೆ ಒಳಕ್ಕೆ ಇಳಿಯುವಾಗ ಗಾಳಿ ಹೊರಹೋಗಲೆಂದು ತಳಕ್ಕೆ ಸೂಜಿ ಗಾತ್ರದ ಮೂರು ತೂತು ಕೊರೆದೆ. ಬೋಗುಣಿ ಕಾಯಿಸಿ, ಗಾಜು ಹಿಡಿಯದಂತೆ ಬಿಳಿ ಲೇಪ ತೆಳ್ಳಗೆ ಬಳಿದೆ. ಕೆಲಸ ಮುಗಿದ ಮೇಲೆ ತೊಳೆದು, ನಂಬರು ಮತ್ತೆ ಬರೆದು, ಸಾಲಿನಲ್ಲಿ ಇಟ್ಟುಬಿಟ್ಟೆ. ಅದು ಯಾವಾಗಲೂ ಅನ್ನದ ಬೋಗುಣಿ. ಅನ್ನ ಸೋರುತ್ತದೆಯೇ?

ನಮ್ಮ ಬೀದಿಯ ಸುರಾತ್ಮಿಯ ಮದುವೆಯ ದಿನ ಅದಕ್ಕೆ ಸಾರು ಸುರಿದರು.

ಬಡಿಸಲು ಎತ್ತಿ ತಂದಾಗ ತಳದಿಂದ ಬಿಸಿ ಸಾರು ಬೀಗಿತ್ತಿಯ ರೇಷ್ಮೆಯ ಮೇಲೆ ಸೋರಿತು. ಸಂಘದ ಯಜಮಾನಿ ಬು ಕಾರ್ಸಿಯೆಮ್ ಎಲ್ಲರೆದುರಿಗೆ, “ಉಸ್ತುವಾರಿ ಅಂದ್ರೆ ಬೀಗದ ಕೈ ಸೊಂಟಕ್ಕೆ ಸಿಗಿಸ್ಕೊಂಡು ಮೆರೆಯೋದಲ್ಲ ಕಣಮ್ಮ, ತಳಾನೂ ನೋಡ್ಬೇಕು” ಎಂದರು. ವಾರ್ಸಿನಾ, ಆಗ ನೀನು ಬೋಗುಣಿ ಎತ್ತಿ ಬೆಳಕಿಗೆ ಹಿಡಿದೆ. ಮೂರು ತೂತು ಸರಿಸಮ ದೂರದಲ್ಲಿ. ಯಾರ ಕೈಯೆಂದು ನಿನಗೆ ತಿಳಿಯಿತು. ನನ್ನತ್ತ ನೋಡಿದೆ. ನಾನು ವಾದ್ಯದವರತ್ತ ನೋಡಿದೆ. “ತಪ್ಪು ನಂದೇ, ಹಳೇ ಪಾತ್ರೆ, ನೋಡ್ಕೊಳ್ಳಲಿಲ್ಲ” ಎಂದೆ ನೀನು. ಇಪ್ಪತ್ತು ವರ್ಷ ರಂಗದ ಮೇಲೆ ಗರ್ಜಿಸಿದವನು ಅವತ್ತು ಕೆಮ್ಮಲೂ ಇಲ್ಲ. ಮರುದಿನ ಬೀಗದ ಕೈ ಒಪ್ಪಿಸಿ ನೀನು ಬಸ್ಸು ಹತ್ತಿದೆ.

ಈಗ ಕೇಳು. ಅದೇ ಅಂಚು, ಅದೇ ಆಳ, ಅದೇ ತೂಕ. ತಳಕ್ಕೆ ಕೆಂಪಿನಲ್ಲಿ ಹದಿನೇಳು ಬರೆದಿದ್ದೇನೆ, ಬಣ್ಣ ಒಣಗಿದೆ. ಸಾಲಿನ ನಡುವೆ ಸೇರಿಸಿಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಮಾತು ತಾನಾಗಿ ತಣ್ಣಗಾಗುತ್ತದೆ. ಬಂದುಬಿಡು. ಒಬ್ಬನೇ ಬೇಯಿಸಿಕೊಂಡು ತಿನ್ನುವುದೂ ಸಾಕಾಗಿದೆ.

ಇಂತಿ ನಿನ್ನ,
ದಾರ್ಮಾಜಿ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದೆ. ಅತ್ತಿಗೆ, ಇದನ್ನೂ ಗಟ್ಟಿಯಾಗಿಯೇ ಓದಿ. ವಾರ್ಸಿನಾ, ಬಸ್ಸು ಹತ್ತುವ ಮೊದಲು ನೀನು ಕೇಳಿದ್ದು ಒಂದೇ: “ಆ ಗಾಜಾದ್ರೂ ಚೆನ್ನಾಗಿ ಬಂತಾ?” ಬಂತು, ಹೋಟೆಲಿನವರು ಒಯ್ದರು ಎಂದೆ. ಸುಳ್ಳು. ಕುಲುಮೆ ತೆರೆದಾಗ ಅದು ಬೋಗುಣಿಯೊಳಗೇ ನಾಲ್ಕು ಹೋಳಾಗಿತ್ತು. ಆರುವಾಗ ಸ್ಟೀಲು ಗಾಜಿಗಿಂತ ಹೆಚ್ಚು ಕುಗ್ಗುತ್ತದೆ. ಅಷ್ಟು ಕಡಿದಾದ ಬೋಗುಣಿಯ ಒಳಗೆ ಗಾಜು ಇಳಿಸಿದರೆ ಹಿಂಡಿಬಿಡುತ್ತದೆ. ಕವುಚಿ, ಬೆನ್ನ ಮೇಲೆ ಹೊದಿಸಬೇಕಿತ್ತು. ಹಾಗೆ ಮಾಡಿದ್ದರೆ ತೂತೇ ಬೇಕಿರಲಿಲ್ಲ. ಇದು ನನಗೆ ಮೊದಲೇ ಗೊತ್ತಿತ್ತು, ಅವಸರ ಮಾಡಿದೆ. ನಾಳೆ ಬೆಳಿಗ್ಗೆ ಎಂಟಕ್ಕೆ ಸಂಘದ ಸಭೆ. ತೂತಿನದು, ಇವತ್ತು ತಂದದ್ದು, ಎರಡೂ ಬೋಗುಣಿ ಹಿಡಿದು ಹೋಗಿ, ಬು ಕಾರ್ಸಿಯೆಮ್ ಎದುರು ನಿಂತು, ಕೊನೆಯ ಸಾಲಿನವರಿಗೂ ಕೇಳುವ ಹಾಗೆ, ಕೊರೆದವನು ನಾನು ಎಂದು ಹೇಳುತ್ತೇನೆ.