ಅಮ್ಮನಿಗೆ ಓದಿ ಹೇಳದ ಸಾಲುಗಳು

ಮನೆಯಿಂದ,
ಹದಿನಾಲ್ಕನೇ ತಾರೀಖು, ಗುರುವಾರ ಮಧ್ಯಾಹ್ನ

ಪ್ರೀತಿಯ ತಮ್ಮಾ,

ನಿನ್ನ ಸೊಂಟನೋವು ಹೇಗಿದೆ? ವಾರಕ್ಕೊಂದು ಊರು, ದಿನಕ್ಕೊಂದು ಮನೆ, ಯಾರದೋ ಸೋಫಾದ ಮೇಲೆ ಮಲಗಿ ಎದ್ದು ಮತ್ತೆ ಬಸ್ಸು ಹತ್ತುವುದೆಂದರೆ ಎಂಥ ಗಟ್ಟಿ ಸೊಂಟವೂ ಸೋಲುತ್ತದೆ. ನೆಲದ ಮೇಲೆ ಮಲಗು, ಆ ಮನೆಯವರು ಬೇಜಾರು ಮಾಡಿಕೊಂಡರೂ ಸರಿ. ದೊಡ್ಡವಳ ಅಲುಗಾಡುತ್ತಿದ್ದ ಹಲ್ಲು ಬಿತ್ತೇ? ಚಿಕ್ಕವನು ಇನ್ನೂ ಪ್ರತಿ ಊರಿನಲ್ಲೂ "ನಮ್ಮ ಮನೆ ಯಾವಾಗ ಬರುತ್ತೆ" ಅಂತ ಕೇಳುತ್ತಾನೆಯೇ? ನಿನ್ನ ಹೆಂಡತಿಗೆ ಆ ತಲೆನೋವಿನ ಮಾತ್ರೆಯನ್ನು ಊಟ ಆದಮೇಲೇ ತೆಗೆದುಕೊಳ್ಳಲು ಹೇಳು. ಅಮ್ಮ ಚೆನ್ನಾಗಿದ್ದಾಳೆ ಎಂದು ಪ್ರತಿ ಸಲ ಬರೆಯುತ್ತಿದ್ದೆ. ಈ ಸಲ ಅವಳು ಊಟ ಮಾಡುತ್ತಿದ್ದಾಳೆ, ಮಾತನಾಡುವುದು ಕಡಿಮೆ ಮಾಡಿದ್ದಾಳೆ ಎಂದಷ್ಟೇ ಬರೆಯುತ್ತೇನೆ.

ನಿನ್ನ ಐದನೆಯ ಪ್ರಾರ್ಥನಾ ಪತ್ರ ಬಂದು ಮೂರು ವಾರವಾಯಿತು. ನೀವು ನಾಲ್ವರೂ ಮಿಷನರಿಗಳಾಗಿ ಸಮುದ್ರದಾಚೆ ಹೋಗುವುದಕ್ಕೆ ಚರ್ಚುಗಳ ಸಭೆಗಳಿಂದ ಹಣದ ಬೆಂಬಲ ಕೇಳಿ ಬರೆದ ಮೊದಲ ನಾಲ್ಕು ಪತ್ರಗಳನ್ನು ಮಡಿಸಿದವಳು ನಾನು. ಊಟದ ಮೇಜಿನ ತುಂಬ ಹರಡಿಕೊಂಡು, ನಾನು ಮೂರು ಮಡಿಕೆ ಮಾಡಿ ಲಕೋಟೆಗೆ ತುರುಕುವುದು, ಅಮ್ಮ ಒದ್ದೆ ಸ್ಪಂಜಿಗೆ ಬೆರಳು ಒತ್ತಿ ಅಂಟಿಸುವುದು. ಅವಳಿಗೆ ಕಣ್ಣು ಸರಿಯಾಗಿ ಕಾಣದೆ ಅರ್ಧ ಲಕೋಟೆಗಳು ಮೇಜಿಗೇ ಅಂಟಿಕೊಳ್ಳುತ್ತಿದ್ದವು, ನಾನು ಬೈಯುತ್ತಿದ್ದೆ, ಅವಳು ನಗುತ್ತಿದ್ದಳು. ಐದನೆಯ ಪತ್ರದ ಹೊತ್ತಿಗೆ ನೀನು ಫೋನಿನಲ್ಲಿ, "ನಿನಗ್ಯಾಕಕ್ಕಾ ತೊಂದರೆ, ಇಲ್ಲೇ ಪ್ರಿಂಟ್ ಹಾಕಿಸಿ ಇಲ್ಲಿಂದಲೇ ಕಳಿಸ್ತೀನಿ" ಎಂದೆ. ಆಸ್ಪತ್ರೆಯ ಲಾಂಡ್ರಿಯಲ್ಲಿ ದಿನವಿಡೀ ಹಾಸಿಗೆ ಬಟ್ಟೆ ಮಡಿಸಿ ಬಂದವಳು ಮನೆಯಲ್ಲೂ ಮಡಿಸುವುದು ಬೇಡ ಎಂದು ಕನಿಕರಪಟ್ಟೆಯಲ್ಲ ಎಂದುಕೊಂಡೆ. ನನ್ನ ಎದುರು ನಿಂತು ಬಟ್ಟೆಯ ಇನ್ನೊಂದು ತುದಿ ಹಿಡಿಯುವ ಗೆಳತಿಗೆ ಜಂಬದಿಂದ ಹೇಳಿಯೂ ಬಿಟ್ಟೆ.

ಪತ್ರ ಬಂದ ಸಂಜೆ ಅಮ್ಮ ಕೈ ತೊಳೆದುಕೊಂಡು, ಸೆರಗು ಸರಿಮಾಡಿಕೊಂಡು, ಅಡುಗೆಮನೆಯ ಸ್ಟೂಲಿನ ಮೇಲೆ ಕೂತಳು. ನಿನ್ನ ಪತ್ರ ಓದಿಸಿಕೊಳ್ಳುವಾಗ ಅವಳು ಕೂರುವುದೇ ಹಾಗೆ, ಫೋಟೋ ತೆಗೆಸಿಕೊಳ್ಳುವವರ ಹಾಗೆ. ನಾನು ಗಟ್ಟಿಯಾಗಿ ಓದಲು ಶುರುಮಾಡಿದೆ. ಮೊದಲ ಪುಟ ಸರಾಗವಾಗಿ ಹೋಯಿತು. ಎರಡನೇ ಪುಟ ತಿರುವಿದೆ. "ನನ್ನ ಸ್ವಂತ ಅಕ್ಕ, ನಮ್ಮ ಸಭೆಯಲ್ಲಿ ಹತ್ತೊಂಬತ್ತು ವರ್ಷಗಳಿಂದ ಹಾರ್ಮೋನಿಯಂ ನುಡಿಸುತ್ತಿರುವವಳು" ಎಂದಿತ್ತು. ಅಷ್ಟನ್ನು ಖುಷಿಯಿಂದಲೇ ಓದಿದೆ. ಮುಂದಿನ ಸಾಲಿಗೆ ಕಣ್ಣು ಹೋದದ್ದೇ ಗಟ್ಟಿಯಾಗಿ ಓದುವುದನ್ನು ನಿಲ್ಲಿಸಿದೆ. "ಗಂಡನನ್ನು ಕಳೆದುಕೊಂಡ ಮೇಲೆ ದೇವರ ಮೇಲೆ ಮುನಿದು ನಂಬಿಕೆಯನ್ನೇ ತೊರೆದಿದ್ದಾಳೆ. ಇದು ಯಾರಿಗೂ ತಿಳಿಯದಂತೆ ಭಾನುವಾರ ಬಂದು ನುಡಿಸಿ ಹೋಗುತ್ತಾಳೆ. ನಮ್ಮ ಮನೆಯೊಳಗೇ ಇಂಥ ಕತ್ತಲೆಯಿದ್ದರೆ, ಆತನ ಹೆಸರನ್ನೇ ಕೇಳದ ಜನರ ಗತಿಯೇನು? ಅವಳ ಮಾತು ಕೇಳಿದ ದಿನವೇ ನಾನು ಸಮುದ್ರ ದಾಟುವ ನಿರ್ಧಾರ ಮಾಡಿದೆ."

ಅಮ್ಮ ಕಾಯುತ್ತಿದ್ದಳು. "ಯಾಕೆ ನಿಲ್ಲಿಸ್ದೆ? ನಿನ್ನ ಬಗ್ಗೆ ಏನೋ ಬರೆದಿದ್ದಾನಲ್ಲ" ಎಂದಳು. ನಾನು ಕಾಗದದ ಮೇಲೆ ಕಣ್ಣಿಟ್ಟುಕೊಂಡೇ ಬಾಯಿಗೆ ಬಂದದ್ದನ್ನು ಹೇಳಿದೆ. ಹಾರ್ಮೋನಿಯಂ ನುಡಿಸುವ ಅತ್ತೆಯಿಂದ ಹಾಡು ಕಲಿತ ಚಿಕ್ಕವನು ಒಂದು ಸಭೆಯಲ್ಲಿ ಕುರ್ಚಿಯ ಮೇಲೆ ನಿಂತು ಹಾಡಿದ, ಅರ್ಧದಲ್ಲಿ ಮರೆತು ಮತ್ತೆ ಮೊದಲಿಂದ ಶುರುಮಾಡಿದ, ಎಲ್ಲರೂ ನಕ್ಕರು, ಅಂತ. ಅಮ್ಮನಿಗೆ ಎಷ್ಟು ಸಂತೋಷವಾಯಿತೆಂದರೆ, "ಆ ಕುರ್ಚಿ ಮೇಲೆ ಹಾಡಿದ್ದು, ಇನ್ನೊಂದ್ಸಲ ಓದು" ಎಂದಳು. ಇಲ್ಲದ ಸಾಲುಗಳನ್ನು ಅದೇ ಮಾತುಗಳಲ್ಲಿ ಎರಡನೇ ಸಲ ಓದುವುದು ಎಷ್ಟು ಕಷ್ಟ ಎನ್ನುವುದು ನಿನಗೆ ಗೊತ್ತಿಲ್ಲ ತಮ್ಮಾ. ಓದಿದೆ.

ನಾನು ನಿನಗೆ ಏನು ಹೇಳಿದ್ದೆ ಎನ್ನುವುದನ್ನು ನೆನಪಿಸುತ್ತೇನೆ, ಏಕೆಂದರೆ ನೀನು ಬರೆದದ್ದು ಅದಲ್ಲ. ನಮ್ಮ ಲಾಂಡ್ರಿಯ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತಿದ್ದೆವು. ಒಳಗಿನ ಯಂತ್ರದ ಹಬೆ ಕಿಟಕಿಯಿಂದ ಹೊರಗೆ ಬರುತ್ತಿತ್ತು. ನೀನು, "ಯಾಕಕ್ಕಾ ಸುಮ್ಮನಿದ್ದೀಯ" ಎಂದು ಎರಡು ಸಲ ಕೇಳಿದೆ. ಪ್ರಾರ್ಥನೆಗೆ ಕೂತರೆ ಎದುರಿಗೆ ಯಾರೂ ಇಲ್ಲ ಅನ್ನಿಸುತ್ತದೆ, ಖಾಲಿ ಕೋಣೆಯಲ್ಲಿ ಮಾತನಾಡಿದ ಹಾಗಿರುತ್ತದೆ ಎಂದೆ. ಯಾವಾಗಿಂದ ಎಂದು ಕೇಳಿದ್ದಕ್ಕೆ, ಗೊತ್ತಿಲ್ಲ, ಒಲೆಯಿಂದ ಇಳಿಸಿದ ನೀರು ಯಾವ ಗಳಿಗೆಯಲ್ಲಿ ತಣ್ಣಗಾಯಿತು ಎಂದು ಯಾರು ನೋಡುತ್ತಾರೆ ಎಂದೆ. ನಿನ್ನ ಭಾವ ಆಗ ಬದುಕಿದ್ದರು ತಮ್ಮಾ. ಆ ಮೆಟ್ಟಿಲಿನ ಮಾತಾದ ಎರಡು ವರ್ಷಕ್ಕೆ ಅವರು ಹೋದದ್ದು. ನನಗೆ ಯಾರ ಮೇಲೂ ಮುನಿಸಿರಲಿಲ್ಲ. ಮುನಿಯುವುದಕ್ಕೂ ಎದುರಿಗೆ ಒಬ್ಬರು ಇರಬೇಕಲ್ಲ. ಸತ್ತವರ ತಲೆಗೆ ಈ ಕಾರಣ ಕಟ್ಟಿದ್ದು ಯಾಕೆ? ಕಾರಣವಿದ್ದರೆ ಕೇಳುವವರಿಗೆ ಅಳು ಬರುತ್ತದೆ ಎಂದೇ?

ಮಾತು ಕೊಡು ಎಂದು ನಾನು ಅಂದು ಕೇಳಿರಲಿಲ್ಲ. ನೀನೇ ನನ್ನ ಕೈ ಹಿಡಿದುಕೊಂಡು, "ಇದು ನಮ್ಮಿಬ್ಬರಲ್ಲೇ ಇರ್ಲಿ ಅಕ್ಕಾ. ಅಮ್ಮಂಗೂ ಬೇಡ, ನನ್ನ ಹೆಂಡ್ತಿಗೂ ಹೇಳಲ್ಲ" ಎಂದೆ. ನನ್ನ ಎದೆ ಎಷ್ಟು ಹಗುರಾಯಿತೆಂದರೆ, ಆ ಮಧ್ಯಾಹ್ನ ನಾನು ಹಾಡು ಗುನುಗುತ್ತ ಕೆಲಸ ಮಾಡಿದೆ.

ಪತ್ರ ಬಂದ ಮರುದಿನ ಫೋನ್ ಮಾಡಿದಾಗ ನೀನು, "ಹೆಸರು ಹಾಕಿಲ್ವಲ್ಲ ಅಕ್ಕಾ" ಎಂದೆ. ನಿನಗೆ ಎಷ್ಟು ಜನ ಅಕ್ಕಂದಿರು? ಅವರಲ್ಲಿ ಎಷ್ಟು ಜನ ಹಾರ್ಮೋನಿಯಂ ನುಡಿಸುತ್ತಾರೆ?

ಪತ್ರ ನಮ್ಮ ಸಭೆಯವರ ಮನೆಗಳಿಗೂ ಬಂದಿತ್ತು. ನಂತರದ ಭಾನುವಾರವೇ ಜನ ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಮಾತನಾಡಿಸತೊಡಗಿದರು. ಮಂಗಳವಾರ ಸಂಜೆ ಪಾಸ್ಟರ್ ಹೆಂಡತಿಯನ್ನು ಕರೆದುಕೊಂಡು ಬಂದರು. ಒಳ್ಳೆಯ ಮನುಷ್ಯ, ಅವರಿಗೇ ಸಂಕೋಚ. ಚಪ್ಪಲಿಯನ್ನು ಬಾಗಿಲ ಹೊರಗೆ ಮೂರು ಸಲ ಜೋಡಿಸಿದರು. ಅಮ್ಮನ ಎದುರಿಗೇ, "ನೀವು ನಂಬಿಕೆ ತೊರೆದದ್ದು ತಮ್ಮನ ಪತ್ರದಲ್ಲಿ ಓದಿದ್ವಿ, ಸ್ವಲ್ಪ ದಿನ ವಿಶ್ರಾಂತಿ ತಗೊಳ್ಳಿ ಅಕ್ಕಾವ್ರೇ, ಹಾರ್ಮೋನಿಯಂ ಬೇರೆಯವರು ನೋಡ್ಕೋತಾರೆ" ಎಂದರು. ನಾನು ಆಗಲಿ ಎಂದೆ. ಪ್ರಾರ್ಥನೆ ಹೋದರೂ ನನಗೆ ಹಾಡು ಉಳಿದಿತ್ತು. ಭಾನುವಾರದ ಆ ನಾಲ್ಕು ಹಾಡುಗಳಲ್ಲಿ ನಾನು ಸುಳ್ಳು ಹೇಳುತ್ತಿದ್ದೇನೆ ಎಂದು ಒಮ್ಮೆಯೂ ಅನ್ನಿಸಿರಲಿಲ್ಲ. ಕಳೆದ ವಾರ ಬೆಂಚಿನ ಮೇಲೆ ಅಮ್ಮನ ಪಕ್ಕ ಕೂತೆ. ಹೊಸಬರು ಶ್ರುತಿಯನ್ನು ಎಷ್ಟು ಕೆಳಗೆ ಹಿಡಿದರೆಂದರೆ ಗಂಡಸರೆಲ್ಲ ಶೀತವಾದವರ ಹಾಗೆ ಹಾಡಿದರು. ನೀನಿದ್ದಿದ್ದರೆ ನನ್ನನ್ನು ಮೊಣಕೈಯಿಂದ ತಿವಿದು ನಗಿಸುತ್ತಿದ್ದೆ. ಹಾಗೆ ನೆನೆದುಕೊಂಡು ನನ್ನ ಮೇಲೇ ಸಿಟ್ಟು ಬಂತು.

ಪಾಸ್ಟರ್ ಹೋದ ಮೇಲೆ ಅಮ್ಮ ಮತ್ತೆ ಆ ಸ್ಟೂಲಿನ ಮೇಲೆ ಕೂತಳು. "ಆ ಕುರ್ಚಿ ಮೇಲೆ ಹಾಡಿದ್ದು ಪತ್ರದಲ್ಲಿ ಇರ್ಲಿಲ್ಲ ಅಲ್ವಾ?" ಎಂದಳು. ಇರಲಿಲ್ಲ ಎಂದೆ. "ನನಗೋಸ್ಕರ ಬರ್ತಿದ್ದೆಯಾ ಚರ್ಚಿಗೆ, ಇಷ್ಟು ವರ್ಷ?" ಎಂದಳು. ನಿನಗೋಸ್ಕರ, ಹಾಡಿಗೋಸ್ಕರ ಎಂದೆ. ಅವಳು ನನ್ನನ್ನು ಬೈಯಲಿಲ್ಲ, ಅಳಲಿಲ್ಲ. "ಹೋಗ್ತಾ ನಿನ್ನ ಕೈ ಹಿಡ್ಕೊಂಡಿರ್ತಿದ್ನಲ್ಲ, ನೀನೇ ನನ್ನನ್ನ ನಡೆಸ್ತಿದ್ದೀಯ ಅನ್ಕೊಂಡಿದ್ದೆ" ಎಂದಳು, ಅಷ್ಟೇ. ಈಗಲೂ ಭಾನುವಾರ ಕೈ ಚಾಚುತ್ತಾಳೆ. ಹಿಡಿದುಕೊಂಡೇ ಹೋಗುತ್ತೇನೆ. ಆದರೆ ಮೊದಲು ದಾರಿಯುದ್ದಕ್ಕೂ ಮಾತನಾಡುತ್ತಿದ್ದವಳು ಈಗ ಸುಮ್ಮನೆ ನಡೆಯುತ್ತಾಳೆ.

ನಿನ್ನ ಹೆಂಡತಿ, ಪಾಪ, ನೀನು ನನ್ನನ್ನು ಕೇಳದೆ ಬರೆದದ್ದು ತಿಳಿಯದೆ ನನಗೆ ಸಂತೋಷದ ಕಾರ್ಡು ಹಾಕಿದ್ದಾಳೆ. ಒಂದು ವರ್ಷದಿಂದ ಅರ್ಧಕ್ಕೆ ನಿಂತಿದ್ದ ಬೆಂಬಲ ಈ ಪತ್ರವಾದ ಮೇಲೆ ಹೆಚ್ಚುಕಡಿಮೆ ಪೂರ್ತಿಯಾಯಿತಂತೆ, "ದಾರಿ ತೆರೆಯಿತು ಅಕ್ಕಾ" ಎಂದು ಬರೆದಿದ್ದಾಳೆ. ಯಾವ ಬಾಗಿಲು ಒಡೆದು ತೆರೆಯಿತು ಎಂದು ಅವಳಿಗೆ ನೀನು ಹೇಳಿಲ್ಲ ಎಂದು ಕಾಣುತ್ತದೆ. ನನ್ನನ್ನು ಒಂದು ಮಾತು ಕೇಳಬಹುದಿತ್ತು. ಕೇಳಿದ್ದರೆ ಬೇಡ ಎನ್ನುತ್ತಿದ್ದೆ. ಅದು ನಿನಗೆ ಗೊತ್ತಿತ್ತು, ಅದಕ್ಕೇ ಕೇಳಲಿಲ್ಲ. ಬೇರೆ ಊರಿನಲ್ಲಿ ಪ್ರಿಂಟ್ ಹಾಕಿಸಿದ್ದೂ ಅದಕ್ಕೇ. ಬರೆದದ್ದಕ್ಕಿಂತ ನನಗೆ ಹೆಚ್ಚು ನೋವಾದದ್ದು ಆ ಜಾಣತನದಿಂದ.

ಆಶೀರ್ವಾದ ಅಮ್ಮನದು. ಅವಳು ಎದುರಿಗೆ ಕೂತು ಹೇಳಿ ಬರೆಸುತ್ತಿರುವುದು: ಹೋದ ಕಡೆ ನೀರು ಕುದಿಸಿ ಕುಡಿಯಿರಿ, ಮಕ್ಕಳನ್ನು ಜನಜಂಗುಳಿಯಲ್ಲಿ ಬಿಡಬೇಡಿ, ದೇವರು ನಿಮ್ಮ ನಾಲ್ವರ ಹಿಂದೆ ಮುಂದೆ ಇರಲಿ. ಮಕ್ಕಳಿಗೆ ಅತ್ತೆಯ ಮುತ್ತು ಮಾತ್ರ ನನ್ನ ಕಡೆಯಿಂದ.

ನಿನ್ನ ಅಕ್ಕ

ಮರೆತ ಮಾತು: ನಿಮ್ಮನ್ನು ಕಳಿಸುವ ಸಂಸ್ಥೆಯಿಂದ ಸೋಮವಾರ ನನಗೊಂದು ಫಾರಂ ಬಂತು. ನಿನ್ನನ್ನು ಹತ್ತಿರದಿಂದ ಬಲ್ಲ ಕುಟುಂಬದವರೊಬ್ಬರು ತುಂಬಿ ಕಳಿಸಬೇಕಂತೆ, ನನ್ನ ವಿಳಾಸ ನೀನೇ ಕೊಟ್ಟಿದ್ದೆಯಂತೆ, ಬಹುಶಃ ಹೋದ ವರ್ಷ. ಶ್ರಮಜೀವಿಯೇ, ಹೆಂಡತಿ ಮಕ್ಕಳನ್ನು ಪ್ರೀತಿಸುವವನೇ, ದೇವರಲ್ಲಿ ಭಕ್ತಿಯುಳ್ಳವನೇ, ಎಲ್ಲಕ್ಕೂ ಹೌದು ಎಂದು ಬರೆದೆ, ಮನಸ್ಸಿನಿಂದಲೇ. ಆರನೆಯ ಪ್ರಶ್ನೆ: ಜನ ನಂಬಿ ಹೇಳಿಕೊಂಡ ಮಾತನ್ನು ಇವರು ತಮ್ಮಲ್ಲೇ ಇಟ್ಟುಕೊಳ್ಳಬಲ್ಲರೇ? ಇಲ್ಲ ಎಂದು ಬರೆದು ಸಹಿ ಹಾಕಿ ಇವತ್ತು ಬೆಳಿಗ್ಗೆಯೇ ಅಂಚೆಗೆ ಹಾಕಿದ್ದೇನೆ. ಕೆಳಗೆ 'ಕಾರಣ ವಿವರಿಸಿ' ಎಂದು ನಾಲ್ಕು ಗೆರೆ ಎಳೆದಿದ್ದರು, ಖಾಲಿ ಬಿಟ್ಟೆ. ಅವರು ನಿನ್ನನ್ನು ಕೇಳಬಹುದು. ಈ ಸಲ ನಡೆದ ಹಾಗೇ ಹೇಳು.