ನವ್ಯಶ್ರೀ ಎಂದು ಕರೆದವರು

ಚನ್ನಪಟ್ಟಣ
೧೮ ನವೆಂಬರ್ ೨೦೨೫

ಪ್ರೀತಿಯ ಅಕ್ಕ,

ನಿನ್ನ ತಂಗಿ ಲತಾಮಣಿಯ ನಮಸ್ಕಾರಗಳು. ಕುದೂರಿನಲ್ಲಿ ನೀವೆಲ್ಲ ಸುಖವಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಕಾಗದಕ್ಕೆ ಇಷ್ಟು ತಡವಾಗಿ ಉತ್ತರಿಸುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡ. ಫೋನಿನಲ್ಲಾದರೆ ಅಳು ಬಂದು ನಡುವೆಯೇ ಇಟ್ಟುಬಿಡುತ್ತೇನೆ. ಕಾಗದವಾದರೆ ಕಣ್ಣೊರೆಸಿಕೊಂಡು ಮುಂದುವರಿಸಬಹುದು.

ನಮ್ಮ ಮಗಳು ನವ್ಯಶ್ರೀ ಡೆಂಗಿ ಜ್ವರದಲ್ಲಿ ಹೋದಮೇಲೆ ಈ ಮನೆಯಲ್ಲಿ ಯಾರೂ ಅವಳ ಹೆಸರೆತ್ತಿಲ್ಲ. ನಮ್ಮವರು ಬೆಳಿಗ್ಗೆ ರೇಷ್ಮೆ ಕಾರ್ಖಾನೆಗೆ ಹೋದರೆ ಸಂಜೆ ಬಂದು ಗೋಡೆ ನೋಡುತ್ತಾ ಕೂರುತ್ತಾರೆ. ನಾನು ಸೊರಗಿದ್ದು ನೋಡಿ ಆಸ್ಪತ್ರೆಯ ಆಪ್ತಸಮಾಲೋಚಕಿ, ಕತೆಯಾಟದ ಗುಂಪೊಂದಕ್ಕೆ ಸೇರಿಕೊಳ್ಳಿ ಎಂದರು. ಮೇಜಿನ ಸುತ್ತ ಕೂತು ಒಬ್ಬರು ಕತೆ ನಡೆಸುತ್ತಾರೆ. ಉಳಿದವರು ಒಂದೊಂದು ಪಾತ್ರವಾಗಿ, ದಾಳ ಹಾಕಿ, ಕತೆಯನ್ನು ಮುಂದಕ್ಕೆ ಒಯ್ಯುತ್ತಾರೆ. ಈ ವಯಸ್ಸಿನಲ್ಲಿ ಇದೇನು ಹುಚ್ಚು ಎಂದು ನೀನು ನಗಬಹುದು. ನಾನೂ ನಕ್ಕಿದ್ದೆ.

ಮೊದಲು ರಾಮನಗರದ ಒಂದು ಗುಂಪಿಗೆ ಹೋದೆ. ಎಲ್ಲ ಕಾಲೇಜು ಹುಡುಗರು. ಕತೆ ನಡೆಸುವವನು ನನ್ನ ಕಡೆ ತಿರುಗಿ, ನಿಮ್ಮ ಮಗಳನ್ನು ರಾಕ್ಷಸ ಕೊಂದಿದ್ದಾನೆ, ಏನು ಮಾಡುತ್ತೀರಿ ಎಂದ. ಅದೊಂದು ಬೇಡಪ್ಪ ಎಂದೆ. “ಬರೀ ಆಟ ಅಲ್ವಾ ಆಂಟಿ,” ಎಂದು ನಕ್ಕು, ಆ ಸಾವನ್ನು ಇನ್ನಷ್ಟು ಬಣ್ಣಿಸಿದ. ಮೆಟ್ಟಿಲಿಳಿದು ಬಂದೆ. ಬಸ್ ಸ್ಟ್ಯಾಂಡಿನಲ್ಲಿ ಎಷ್ಟು ಬಸ್ಸು ಬಿಟ್ಟೆನೋ ತಿಳಿಯದು.

ಸಮಾಲೋಚಕಿ ತುಂಬ ನೊಂದುಕೊಂಡರು. ಈ ಸಲ ತಾವೇ ವಿಚಾರಿಸಿ, ಇಲ್ಲೇ ಚನ್ನಪಟ್ಟಣದಲ್ಲಿ ನೊಂದವರಿಗೆಂದೇ ವಾಸಿಂ ಎಂಬವರು ನಡೆಸುವ ಗುಂಪಿಗೆ ಕಳಿಸಿದರು. ಬೊಂಬೆ ಅಂಗಡಿಯ ಹಿಂದಿನ ಕೋಣೆ. ದಾಳ ಮುಟ್ಟುವ ಮೊದಲೇ ವಾಸಿಂ ಕೇಳಿದರು: “ಅಕ್ಕಾ, ಈ ಕತೇಲಿ ಏನು ಬರಬಾರ್ದು ಅಂತ ಹೇಳ್ಬುಡಿ. ಯಾಕೆ ಅಂತ ಹೇಳೋದೇನೂ ಬ್ಯಾಡ.” ಜ್ವರ ಬೇಡ, ಆಸ್ಪತ್ರೆ ಬೇಡ ಎಂದೆ. ಆಗಲಿ ಎಂದರು, ಅಷ್ಟೇ. ನಡುವೆ ಯಾರು ಕೈ ಎತ್ತಿದರೂ ಆಟ ನಿಲ್ಲುತ್ತದಂತೆ.

ನನ್ನದು ಕಾಡಿನಲ್ಲಿ ದಾರಿ ತೋರಿಸುವವಳ ಪಾತ್ರ. ಅವಳಿಗೇನು ಹೆಸರು ಎಂದಾಗ ನನಗರಿವಿಲ್ಲದೆ ನವ್ಯಶ್ರೀ ಎಂದುಬಿಟ್ಟೆ. ಅವರಿಗೇನು ಗೊತ್ತು? ಮಧ್ಯಾಹ್ನವೆಲ್ಲ ನವ್ಯಶ್ರೀ ಎತ್ತ ಹೋಗೋಣ, ನವ್ಯಶ್ರೀ ಕತ್ತಲಾಯಿತಲ್ಲ ಎಂದು ಕರೆಯುತ್ತಲೇ ಇದ್ದರು. ಹೆಂಡತಿಯನ್ನು ಕಳೆದುಕೊಂಡ ಸಮೀವುಲ್ಲಾ ಸಾಹೇಬರದು ಕುರುಡ ಮುದುಕನ ಪಾತ್ರ. ಕತೆಯಲ್ಲಿ ಹಳ್ಳ ದಾಟುವಾಗ ಅವರು ಮೇಜಿನ ಮೇಲೆ ಕೈ ಚಾಚಿ, “ನವ್ಯಶ್ರೀ, ಎಲ್ಲಿದ್ದೀಯವ್ವಾ? ನಂಗೆ ಕಣ್ಣು ಕಾಣ್ಸಾಕಿಲ್ಲ,” ಎಂದರು.

“ಇಲ್ಲೇ ಇವ್ನಿ ತಾತಾ,” ಎಂದೆ.

ಆಮೇಲೆ ನನ್ನ ಕೈ ತಾನಾಗಿ ಮೇಲೆದ್ದಿತು. ಆಟ ನಿಂತಿತು. ಬಿಕ್ಕಿ ಬಿಕ್ಕಿ ಅತ್ತೆ, ಅಕ್ಕ. ಯಾರೂ ಏನೂ ಕೇಳಲಿಲ್ಲ, ಯಾರೂ ಎದ್ದು ಹೋಗಲೂ ಇಲ್ಲ. ಟೀ ತರಿಸಿದರು. ನಾನಾಗಿಯೇ ಎಲ್ಲ ಹೇಳಿದೆ. ಪಾತ್ರದ ಹೆಸರು ಬದಲಿಸೋಣವೇ ಎಂದು ವಾಸಿಂ ಮೆತ್ತಗೆ ಕೇಳಿದರು. ಬೇಡ ಎಂದೆ. ಈಗ ಪ್ರತಿ ಭಾನುವಾರ ಹೋಗುತ್ತೇನೆ. ಮನೆಗೆ ಬಂದರೆ ಮತ್ತೆ ಅದೇ ಮೌನ. ನಿದ್ದೆ ಇನ್ನೂ ಹತ್ತಿರ ಸುಳಿದಿಲ್ಲ.

ಭಾವನಿಗೆ ನಮಸ್ಕಾರ ತಿಳಿಸು. ನಿನ್ನ ಮಗಳಿಗೂ ಅವಳ ಎಳೆಗೂಸಿಗೂ ಈ ಚಿಕ್ಕಮ್ಮನ ಮನಸಾರೆ ಆಶೀರ್ವಾದ. ಕೂಸಿಗೆ ಒಂದು ನೆಗಡಿಯೂ ಸೋಕದಿರಲಿ.

ನಿನ್ನ
ಲತಾ

ತಾ.ಕ.: ಕೂಸನ್ನು ತೊಟ್ಟಿಲಿಗೆ ಹಾಕಿದ್ದು ಮೊನ್ನೆ ನಿಮ್ಮೂರಿನ ಹನುಮಂತಮ್ಮ ಬಂದಾಗ ತಿಳಿಯಿತು. “ಮಗಳನ್ನ ಕಳ್ಕೊಂಡವಳು ಎಳೇ ಕೂಸಿನ ಮುಂದೆ ಬ್ಯಾಡ ಅಂತ ನಿಮ್ಮಕ್ಕನೇ ಅಂದ್ಲು ಕಣವ್ವ,” ಎಂದಳು. ನಮ್ಮಕ್ಕ ಹಾಗೆ ಅನ್ನುವವಳಲ್ಲ ಎಂದು ಅವಳ ಮೇಲೆ ರೇಗಿ ಕಳಿಸಿದೆ. ನಾನು ರೇಗಿದ್ದು ಸರಿ ತಾನೆ, ಅಕ್ಕ?